ಪಾವಗಡದ ಶಕ್ತಿ ಸ್ಥಳ: 2,050 ಮೆಗಾವ್ಯಾಟ್ ಅಂದರೆ ನಿಜಕ್ಕೂ ಎಷ್ಟು ಕರೆಂಟು?

ಪಾವಗಡ ಅಂದ ತಕ್ಷಣ ಬಹಳ ಜನಕ್ಕೆ ನೆನಪಾಗುವುದು ಶನಿಮಹಾತ್ಮನ ದೇವಸ್ಥಾನ. ಊರು ದಾಟಿ ನಾಗಲಮಡಿಕೆ ಹೋಬಳಿಯ ತಿರುಮಣಿ ದಾರಿ ಹಿಡಿದರೆ ಇನ್ನೊಂದು ಪಾವಗಡ ಎದುರಾಗುತ್ತದೆ. ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಹೊಲಗಳಲ್ಲಿ ಈಗ ಕಣ್ಣು ಹಾಯುವಷ್ಟು ದೂರ ಗಾಜಿನ ಸಾಲು. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡಿರುವ ‘ಶಕ್ತಿ ಸ್ಥಳ’ ಎಂಬ ಹೆಸರಿನ ಈ ಸೋಲಾರ್ ಪಾರ್ಕ್ 2018ರ ಮಾರ್ಚ್ 1ರಂದು ಮೊದಲ 600 ಮೆಗಾವ್ಯಾಟ್‌ನೊಂದಿಗೆ ಉದ್ಘಾಟನೆಯಾಯಿತು. 2019ರ ಕೊನೆಗೆ ಪೂರ್ತಿ 2,050 ಮೆಗಾವ್ಯಾಟ್ ಮುಟ್ಟಿತು. ರಾಜಸ್ಥಾನದ ಭಡ್ಲಾ ಇದಕ್ಕಿಂತ ಸ್ವಲ್ಪ ದೊಡ್ಡದು, 2,245 ಮೆಗಾವ್ಯಾಟ್.

ಇದರ ಬಗ್ಗೆ ಬಂದ ಬರಹಗಳೆಲ್ಲ ಹೆಚ್ಚುಕಡಿಮೆ ಮೇಲಿನಿಂದ ತೆಗೆದ ಒಂದು ಫೋಟೋ, ‘ಏಷ್ಯಾದಲ್ಲೇ ದೊಡ್ಡದು’ ಎಂಬ ಒಂದು ಸಾಲು, ಅಷ್ಟಕ್ಕೇ ಮುಗಿಯುತ್ತವೆ. ಮನೆಗೆ ಮಿಕ್ಸಿ ಕೊಳ್ಳುವಾಗ ವ್ಯಾಟ್ ನೋಡಿ, ರುಬ್ಬಿ ನೋಡಿ, ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಕೇಳುತ್ತೇವೆ. ರಾಜ್ಯದ ಕರೆಂಟಿನ ಒಂದು ದೊಡ್ಡ ಮೂಲವನ್ನೂ ಹಾಗೇ ನೋಡಬೇಕು. ಎಷ್ಟು ಕೊಡುತ್ತದೆ, ಯಾವ ಹೊತ್ತಿಗೆ ಕೊಡುತ್ತದೆ, ಎಲ್ಲಿ ಕೈಕೊಡುತ್ತದೆ, ಅದರ ಬೆಲೆ ಯಾರು ತೆರುತ್ತಾರೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಹಗಲಿನ ಕರೆಂಟಿನ ಮಟ್ಟಿಗೆ ಪಾವಗಡ ಹತ್ತಕ್ಕೆ ಒಂಬತ್ತು. ಸಂಜೆ ಏಳು ಗಂಟೆಗೆ ಸೊನ್ನೆ. ಕಂಪನಿಗಳಿಗೆ ಒದಗಿಸಿದ ಸೌಕರ್ಯದಲ್ಲಿ ದೇಶಕ್ಕೇ ಮಾದರಿ. ಭೂಮಿ ಇಲ್ಲದ ಕೂಲಿಯವರ ಮಟ್ಟಿಗೆ ಇದು ಲೆಕ್ಕ ತಪ್ಪಿದ ಯೋಜನೆ, ಅದನ್ನು ಈಗಲೂ ಸರಿಪಡಿಸಬಹುದು.

ಮೆಗಾವ್ಯಾಟ್ ಬೇರೆ, ಯೂನಿಟ್ ಬೇರೆ

ಮೆಗಾವ್ಯಾಟ್ ಅನ್ನುವುದು ನಲ್ಲಿಯ ಬಾಯಿ ಎಷ್ಟು ಅಗಲ ಅನ್ನುವ ಲೆಕ್ಕ. ಯೂನಿಟ್ ಅನ್ನುವುದು ಬಿಂದಿಗೆಗೆ ಬಿದ್ದ ನೀರು. ನಲ್ಲಿ ಎಷ್ಟೇ ಅಗಲವಿದ್ದರೂ ದಿನಕ್ಕೆ ಆರು ಗಂಟೆ ಮಾತ್ರ ನೀರು ಬಂದರೆ ಬಿಂದಿಗೆ ತುಂಬುವುದು ಅಷ್ಟೇ. ಸೋಲಾರ್‌ನವರು ಇದನ್ನು ಸಿಯುಎಫ್ ಎಂದು ಅಳೆಯುತ್ತಾರೆ: ವರ್ಷದ 8,760 ಗಂಟೆಯೂ ಪೂರ್ತಿ ಓಡಿದ್ದರೆ ಬರಬಹುದಾಗಿದ್ದ ಕರೆಂಟಿನಲ್ಲಿ ನಿಜಕ್ಕೂ ಬಂದದ್ದು ಶೇಕಡಾ ಎಷ್ಟು ಅಂತ. ದಕ್ಷಿಣದ ಒಳನಾಡಿನ ಬಿಸಿಲಿನಲ್ಲಿ, ಪ್ಯಾನೆಲ್ ಕೊಡುವ ಡಿಸಿ ಕರೆಂಟನ್ನು ಗ್ರಿಡ್‌ಗೆ ಬೇಕಾದ ಎಸಿಗೆ ಬದಲಿಸುವ ಇನ್ವರ್ಟರ್‌ನ ಸಾಮರ್ಥ್ಯಕ್ಕಿಂತ ಹೆಚ್ಚು ಪ್ಯಾನೆಲ್ ಕೂರಿಸಿದ ಸ್ಥಾವರಕ್ಕೆ ಶೇ 24 ಅಂತ ಹಿಡಿಯುವುದು ಸಮಂಜಸ. ಆ ಲೆಕ್ಕದಲ್ಲಿ 2,050 ಮೆಗಾವ್ಯಾಟ್‌ನಿಂದ ದಿನಕ್ಕೆ ಸರಾಸರಿ 1.18 ಕೋಟಿ ಯೂನಿಟ್, ವರ್ಷಕ್ಕೆ ಸುಮಾರು 431 ಕೋಟಿ ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗಳಾದರೆ 35 ಲಕ್ಷ ಮನೆಗೆ ಸಾಕಾಗುವಷ್ಟು.

ಪಕ್ಕದಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರವನ್ನು ಇಟ್ಟು ನೋಡಿ. ಅದರ ಸಾಮರ್ಥ್ಯ 1,720 ಮೆಗಾವ್ಯಾಟ್, ಪಾವಗಡಕ್ಕಿಂತ ಕಡಿಮೆ. ಆದರೆ ಕಲ್ಲಿದ್ದಲು ಸರಿಯಾಗಿ ಬಂದು ಶೇ 60ರಷ್ಟು ಓಡಿದರೂ ವರ್ಷಕ್ಕೆ 900 ಕೋಟಿ ಯೂನಿಟ್ ಕೊಡುತ್ತದೆ, ಪಾವಗಡದ ಎರಡರಷ್ಟು. ಇದನ್ನು ಹೇಳುವುದು ಸೋಲಾರನ್ನು ಕೀಳುಮಾಡಲು ಅಲ್ಲ. ರಾಯಚೂರಿಗೆ ರೈಲುಗಟ್ಟಲೆ ಕಲ್ಲಿದ್ದಲು ಬೇಕು, ಬೂದಿ ಸುರಿಯಲು ಜಾಗ ಬೇಕು. ಪಾವಗಡಕ್ಕೆ ಇವೆರಡೂ ಬೇಡ. ಆದರೆ ಎರಡರ ಮೆಗಾವ್ಯಾಟನ್ನು ಒಂದೇ ತಕ್ಕಡಿಯಲ್ಲಿ ತೂಗುವವರು ಓದುಗರ ದಾರಿ ತಪ್ಪಿಸುತ್ತಿದ್ದಾರೆ.

ಇಷ್ಟು ಕರೆಂಟು ಹೇಗೆ ಬರುತ್ತದೆ ಅನ್ನುವುದನ್ನು ಒಂದು ಬ್ಲಾಕ್ ಹಿಡಿದು ನೋಡಬಹುದು. ಪಾರ್ಕಿನ ಮೂಲ ಯೋಜನೆಯ 2,000 ಮೆಗಾವ್ಯಾಟನ್ನು 250 ಮೆಗಾವ್ಯಾಟ್‌ನ ಎಂಟು ಭಾಗ ಮಾಡಿ, ಪ್ರತಿ ಭಾಗವನ್ನೂ 50 ಮೆಗಾವ್ಯಾಟ್‌ನ ತುಂಡುಗಳಾಗಿ ಕಂಪನಿಗಳಿಗೆ ಹಂಚಲಾಗಿದೆ. 50 ಮೆಗಾವ್ಯಾಟ್ ಇನ್ವರ್ಟರ್‌ಗೆ 65 ಮೆಗಾವ್ಯಾಟ್ ಪ್ಯಾನೆಲ್ ಜೋಡಿಸಿದ ಬ್ಲಾಕ್ ಅಂದುಕೊಳ್ಳಿ. ಮಾರ್ಚ್‌ನ ಒಳ್ಳೆಯ ದಿನ ಪ್ಯಾನೆಲ್‌ನ ಮೈಮೇಲೆ ಚದರ ಮೀಟರಿಗೆ 6.5 ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ. ಬಿಸಿ, ದೂಳು, ತಂತಿ, ಇನ್ವರ್ಟರ್ ನಷ್ಟಗಳನ್ನೆಲ್ಲ ಕಳೆದು ಶೇ 80 ಉಳಿಯಿತು ಎಂದರೆ 65 × 6.5 × 0.80, ಅಂದರೆ ದಿನಕ್ಕೆ 3.38 ಲಕ್ಷ ಯೂನಿಟ್. ಜುಲೈನ ಮೋಡದ ದಿನ ಬಿಸಿಲು 4.3ಕ್ಕೆ ಇಳಿದರೆ ಅದೇ ಬ್ಲಾಕ್ 2.2 ಲಕ್ಷ ಯೂನಿಟ್‌ನ ಆಸುಪಾಸಿಗೆ ಬರುತ್ತದೆ.

ಬಿಸಿಲು ಹೆಚ್ಚಿದಷ್ಟೂ ಕರೆಂಟು ಹೆಚ್ಚು ಅನ್ನುವ ನಂಬಿಕೆ ಅರ್ಧ ಮಾತ್ರ ನಿಜ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಬಿಸಿ ಅಲ್ಲ. ಏಪ್ರಿಲ್ ಮಧ್ಯಾಹ್ನ ಗಾಜು 62 ಡಿಗ್ರಿಗೆ ಕಾಯುತ್ತದೆ. ಪ್ಯಾನೆಲ್‌ನ ಅಳತೆ ಮಾಡುವುದು 25 ಡಿಗ್ರಿಯಲ್ಲಿ. ಅದಕ್ಕಿಂತ ಹೆಚ್ಚಾದ ಪ್ರತಿ ಡಿಗ್ರಿಗೂ ಶೇ 0.38ರಷ್ಟು ಇಳಿಯುತ್ತದೆ ಎಂದರೆ 37 ಡಿಗ್ರಿಗೆ ಶೇ 14 ಹೋಯಿತು. ಹಾಗಾಗಿ ಇಲ್ಲಿನ ಸುಗ್ಗಿ ಏಪ್ರಿಲ್-ಮೇ ಅಲ್ಲ. ಆಕಾಶ ತಿಳಿಯಾಗಿದ್ದು, ಗಾಳಿ ಇನ್ನೂ ತಣ್ಣಗಿರುವ ಜನವರಿಯಿಂದ ಮಾರ್ಚ್. ಜೂನ್-ಜುಲೈನಲ್ಲಿ ಮೋಡ ಇದ್ದರೂ ಬೀಸುವ ಗಾಳಿ ಗಾಜನ್ನು ತಣಿಸಿ ಸ್ವಲ್ಪ ನಷ್ಟ ತುಂಬಿಕೊಡುತ್ತದೆ.

ಇನ್ನೊಂದು ಸಂಗತಿ. ಇಲ್ಲಿ ಸೂರ್ಯ ನೆತ್ತಿಗೆ ಬರುವುದು ನಮ್ಮ ಗಡಿಯಾರದ 12 ಗಂಟೆಗಲ್ಲ, ಸರಾಸರಿ 12 ಗಂಟೆ 20 ನಿಮಿಷಕ್ಕೆ. ಫೆಬ್ರುವರಿಯಲ್ಲಿ 12:35ರ ಹತ್ತಿರ, ನವೆಂಬರ್ ಮೊದಲ ವಾರ 12:05ರ ಹತ್ತಿರ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಪಾವಗಡ ಅದಕ್ಕಿಂತ ಐದು ಡಿಗ್ರಿ ಪಶ್ಚಿಮಕ್ಕಿದೆ. ಆದ್ದರಿಂದ ಸಂಜೆಯ ಇಳಿಜಾರೂ ಇಪ್ಪತ್ತು ನಿಮಿಷ ತಡ. ಗ್ರಿಡ್ ನಡೆಸುವವರಿಗೆ ಆ ಇಪ್ಪತ್ತು ನಿಮಿಷವೂ ವರವೇ. ಪ್ಯಾನೆಲ್ ಹೆಚ್ಚಿಟ್ಟ ಬ್ಲಾಕ್‌ಗಳ ಗ್ರಾಫ್ ಮಧ್ಯಾಹ್ನ ಗುಡ್ಡದಂತೆ ಚೂಪಾಗಿರದೆ ಮೇಜಿನಂತೆ ಚಪ್ಪಟೆಯಾಗಿರುತ್ತದೆ. ಅದು ದೋಷವಲ್ಲ, ಇನ್ವರ್ಟರ್ ತನ್ನ ಮಿತಿ ಮುಟ್ಟಿ ನಿಂತಿದೆ ಅಷ್ಟೇ. ನೆತ್ತಿಯ ಮೇಲೆ ಸ್ವಲ್ಪ ಬಿಟ್ಟುಕೊಟ್ಟು ಬೆಳಗ್ಗೆ, ಸಂಜೆ ಹೆಚ್ಚು ಗಳಿಸುವ ಲೆಕ್ಕ ಅದು.

ಕೆಳ ಅಂಚಿನ ಒಂದು ಬೆರಳು ಮಣ್ಣು

ಪಾರ್ಕಿನ ನಿಜವಾದ ಗುಣ ಗೊತ್ತಾಗುವುದು ಒಂದು ಪ್ಯಾನೆಲ್‌ನ ಕೆಳ ಅಂಚಿನಲ್ಲಿ. ಪಾವಗಡ 14 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಪ್ಯಾನೆಲ್‌ಗಳ ವಾಲು ಕಡಿಮೆ. ರಾತ್ರಿ ಬಿದ್ದ ಇಬ್ಬನಿ ಗಾಜಿನ ಮೇಲಿನ ಕೆಂಪು ದೂಳನ್ನು ಕರಗಿಸಿಕೊಂಡು ಮೆಲ್ಲಗೆ ಇಳಿಯುತ್ತದೆ, ಕೆಳಗಿನ ಅಲ್ಯುಮಿನಿಯಂ ಚೌಕಟ್ಟಿನ ತುಟಿಗೆ ಬಂದು ನಿಲ್ಲುತ್ತದೆ, ಬಿಸಿಲೇರಿದಾಗ ಅಲ್ಲೇ ಒಣಗುತ್ತದೆ. ಹತ್ತು ದಿನಕ್ಕೆ ಅಲ್ಲೊಂದು ಬೆರಳಗಲದ ಮಣ್ಣಿನ ಪಟ್ಟಿ. ನೋಡಿದವರಿಗೆ ‘ಇಷ್ಟೇ ತಾನೆ, ಉಳಿದ ಗಾಜು ಚೊಕ್ಕವಾಗಿದೆ’ ಅನಿಸುತ್ತದೆ.

ಆದರೆ ಪ್ಯಾನೆಲ್ ಒಳಗಿನ ಸೆಲ್‌ಗಳು ಸರಪಳಿಯಂತೆ ಜೋಡಿಸಿದವು. ಒಂದು ಕೊಂಡಿ ಬಿಗಿದರೆ ಇಡೀ ಸರಪಳಿಯೇ ಬಿಗಿಯುತ್ತದೆ. 72 ಸೆಲ್‌ನ ಹಳೆಯ ಮಾದರಿಯಲ್ಲಿ ಉದ್ದಕ್ಕೆ ಮೂರು ಸರಪಳಿ, ಪ್ರತಿಯೊಂದಕ್ಕೂ ಒಂದು ಬೈಪಾಸ್ ಡಯೋಡ್, ಅಂದರೆ ಸೊರಗಿದ ಸರಪಳಿಯನ್ನು ಬಿಟ್ಟು ಕರೆಂಟು ಮುಂದೆ ಹೋಗುವ ಬದಲಿ ದಾರಿ. ಪ್ಯಾನೆಲನ್ನು ಉದ್ದಕ್ಕೆ ನಿಲ್ಲಿಸಿ ಕೂರಿಸಿದ್ದರೆ ಕೆಳ ಅಂಚಿನ ಪಟ್ಟಿ ಮೂರೂ ಸರಪಳಿಯ ತುದಿಯನ್ನು ಮುಚ್ಚುತ್ತದೆ, ಇಡೀ ಪ್ಯಾನೆಲ್ ಸೊರಗುತ್ತದೆ. ಅಡ್ಡಕ್ಕೆ ಮಲಗಿಸಿ ಕೂರಿಸಿದ್ದರೆ ಒಂದೇ ಸರಪಳಿಗೆ ಪೆಟ್ಟು, ಹೋಗುವುದು ಮೂರನೇ ಒಂದು ಭಾಗ. ಅರ್ಧ ಸೆಲ್‌ನ ಹೊಸ ಮಾದರಿಗಳಲ್ಲಿ ಮೇಲಿನ ಅರ್ಧ ಬೇರೆ, ಕೆಳಗಿನ ಅರ್ಧ ಬೇರೆ, ಆದ್ದರಿಂದ ನಿಲ್ಲಿಸಿಟ್ಟರೂ ಮೇಲಿನ ಅರ್ಧ ದುಡಿಯುತ್ತಿರುತ್ತದೆ. ಒಂದೇ ದೂಳು, ಒಂದೇ ಬಿಸಿಲು, ಪಕ್ಕಪಕ್ಕದ ಎರಡು ಬ್ಲಾಕ್‌ಗಳ ಉತ್ಪಾದನೆ ಬೇರೆಬೇರೆ ಆಗುವುದಕ್ಕೆ ಇಂಥ ಸಣ್ಣ ನಿರ್ಧಾರಗಳೇ ಕಾರಣ.

ತೊಳೆಯುವುದಕ್ಕೆ ನೀರು ಬೇಕು, ಪಾವಗಡದಲ್ಲಿ ಇಲ್ಲದ್ದೇ ಅದು. 325 ವ್ಯಾಟ್‌ನ ಪ್ಯಾನೆಲ್ ಆದರೆ 65 ಮೆಗಾವ್ಯಾಟ್‌ಗೆ 2 ಲಕ್ಷ ಪ್ಯಾನೆಲ್. ಒಂದಕ್ಕೆ 2 ಲೀಟರ್ ಹಿಡಿದರೆ ಒಂದು ಸುತ್ತಿಗೆ 4 ಲಕ್ಷ ಲೀಟರ್, ತಿಂಗಳಿಗೆ ಎರಡು ಸುತ್ತಾದರೆ 8 ಲಕ್ಷ ಲೀಟರ್. ಇಡೀ ಪಾರ್ಕ್ ಹೀಗೇ ತೊಳೆದರೆ ತಿಂಗಳಿಗೆ 3 ಕೋಟಿ ಲೀಟರ್ ದಾಟುತ್ತದೆ. ಫ್ಲೋರೈಡ್ ನೀರಿಗೆ ಹೆಸರಾದ ಸೀಮೆ ಇದು. ಬೋರ್‌ವೆಲ್‌ನ ಗಡಸು ನೀರನ್ನು ಹಾಗೇ ಬಿಟ್ಟರೆ ಗಾಜಿನ ಮೇಲೆ ಬಿಳಿ ಸುಣ್ಣದ ಪೊರೆ ಕಟ್ಟುತ್ತದೆ, ಅದು ದೂಳಿಗಿಂತ ಕೆಟ್ಟದ್ದು, ಉಜ್ಜಿದರೂ ಹೋಗುವುದಿಲ್ಲ. ನೀರನ್ನು ಆರ್‌ಒ ಮಾಡಿ ಬಳಸಿದರೆ ಹೊರಬೀಳುವ ಉಪ್ಪುನೀರನ್ನು ಎಲ್ಲಿ ಬಿಡುವುದು ಅನ್ನುವ ಪ್ರಶ್ನೆ. ಹಗಲು ಕಾದ ಗಾಜಿಗೆ ತಣ್ಣೀರು ಎರಚಿದರೆ ಗಾಜು ಸಿಡಿಯುವ ಅಪಾಯ, ಜೊತೆಗೆ ನೀರು ತಕ್ಷಣ ಆವಿಯಾಗಿ ಕಲೆ ಉಳಿಯುತ್ತದೆ. ಆದ್ದರಿಂದ ತೊಳೆಯುವುದು ಸೂರ್ಯ ಮುಳುಗಿದ ಮೇಲೆ ಅಥವಾ ಏಳುವ ಮೊದಲು. ನಮ್ಮ ಅಭಿಪ್ರಾಯ ಸ್ಪಷ್ಟ: ಇಂಥ ಬರಪೀಡಿತ ತಾಲ್ಲೂಕಿನಲ್ಲಿ ಸಾಲಿನ ಮೇಲೆ ತಾನೇ ಓಡಾಡುವ ಒಣ ಬ್ರಷ್‌ನ ಯಂತ್ರಗಳೇ ಸರಿ. ನೀರನ್ನು ತಿಂಗಳಿಗೊಮ್ಮೆಯೋ ಹಕ್ಕಿ ಹಿಕ್ಕೆ ತೆಗೆಯಲೋ ಇಟ್ಟುಕೊಳ್ಳಬೇಕು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನ ಪಕ್ಕ ಗಾಜಿಗೆ ಸಿಹಿನೀರು ಸುರಿಯುವುದು ನೋಡಲಾಗದ ಸಂಗತಿ.

ಏನೇನು ಕೆಡುತ್ತದೆ

ಸೋಲಾರ್‌ನಲ್ಲಿ ತಿರುಗುವ ಭಾಗ ಇಲ್ಲ, ಕೆಡುವುದೇ ಇಲ್ಲ ಅಂತ ಮಾರುವವರು ಹೇಳುತ್ತಾರೆ. ದೊಡ್ಡ ಸ್ಥಾವರದಲ್ಲಿ ಕೆಡುವುದು ನಿತ್ಯದ ಮಾತು, ಆದರೆ ಸದ್ದಿಲ್ಲದೆ ಕೆಡುತ್ತದೆ. ಇಪ್ಪತ್ತು ಪ್ಯಾನೆಲ್ ಸೇರಿ ಒಂದು ಸ್ಟ್ರಿಂಗ್ ಆದರೆ ಮೇಲೆ ಹೇಳಿದ ಬ್ಲಾಕ್‌ನಲ್ಲಿ 10,000 ಸ್ಟ್ರಿಂಗ್. ಅದರಲ್ಲಿ ನೂರು ಬಿದ್ದುಹೋದರೆ ಯಾವ ಅಲಾರಂ ಹೊಡೆಯದೆಯೂ ಇರಬಹುದು, ಶೇ 1 ತಾನೆ. ಆದರೆ 50 ಮೆಗಾವ್ಯಾಟ್ ಬ್ಲಾಕ್ ವರ್ಷಕ್ಕೆ 10.5 ಕೋಟಿ ಯೂನಿಟ್ ಕೊಡುತ್ತದೆ ಎಂದರೆ ಶೇ 1 ಅಂದರೆ 10.5 ಲಕ್ಷ ಯೂನಿಟ್. ಯೂನಿಟ್‌ಗೆ 3 ರೂಪಾಯಿ ಹಿಡಿದರೂ 30 ಲಕ್ಷ ರೂಪಾಯಿ ಗಾಳಿಗೆ ಹೋಯಿತು.

ಸ್ಟ್ರಿಂಗ್ ಬೀಳಲು ಮೊದಲ ಕಾರಣ ಎಂಸಿ4 ಕನೆಕ್ಟರ್, ಹೆಬ್ಬೆರಳಿನಷ್ಟು ಉದ್ದದ ಕಪ್ಪು ಪ್ಲಾಸ್ಟಿಕ್ ತುಂಡು. ಗಂಡು-ಹೆಣ್ಣು ತುದಿಗಳನ್ನು ಒತ್ತಿದಾಗ ‘ಟಕ್’ ಅನ್ನಬೇಕು. ಸಂಜೆ ಕತ್ತಲಾಗುತ್ತಿದೆ, ಇನ್ನೂ ಮುನ್ನೂರು ಜೋಡಿಸಬೇಕು ಅನ್ನುವ ಅವಸರದಲ್ಲಿ ಆ ಸದ್ದು ಕೇಳುವ ಮುಂಚೆಯೇ ಕೈ ಮುಂದಿನದಕ್ಕೆ ಹೋಗಿರುತ್ತದೆ. ಅರ್ಧ ಕೂತ ಕನೆಕ್ಟರ್ ಎರಡು ಬೇಸಿಗೆ ತಡೆಯುತ್ತದೆ. ಮೂರನೆಯದರಲ್ಲಿ ಒಳಗಿನ ಪಿನ್ ಕಾದು ಪ್ಲಾಸ್ಟಿಕ್ ಕರಗಿ, ಕೆಳಗೆ ಒಣಹುಲ್ಲಿದ್ದರೆ ಬೆಂಕಿ. ಒಂದು ತಯಾರಕರ ಗಂಡಿಗೆ ಇನ್ನೊಬ್ಬರ ಹೆಣ್ಣು ಜೋಡಿಸುವುದೂ ಅಷ್ಟೇ ಅಪಾಯ. ಹೊರಗಿನಿಂದ ಕೂತಂತೆ ಕಾಣುತ್ತದೆ, ಒಳಗೆ ಲೋಹ ಪೂರ್ತಿ ತಾಗಿರುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಶಾಖ ಕ್ಯಾಮೆರಾ ಕಟ್ಟಿದ ಡ್ರೋನ್ ಹಾರಿಸಿ ಬಿಸಿ ಚುಕ್ಕೆ ಹುಡುಕದ ಬ್ಲಾಕ್‌ನ ಲೆಕ್ಕವನ್ನು ನಂಬಬೇಡಿ.

ಆಮೇಲೆ ಇಲಿ, ಅಳಿಲು. ನೆರಳು ಸಿಗುವ ಜಾಗ ಅಂತ ಪ್ಯಾನೆಲ್ ಅಡಿಗೆ ಬಂದು ಡಿಸಿ ಕೇಬಲ್ ಕಡಿಯುತ್ತವೆ. ಮಳೆ ಬಂದ ಬೆಳಗ್ಗೆ ಇನ್ವರ್ಟರ್ ‘ಇನ್ಸುಲೇಷನ್ ಕಡಿಮೆ’ ಅಂತ ಶುರುವಾಗಲು ನಿರಾಕರಿಸುತ್ತದೆ, ಹತ್ತು ಗಂಟೆಗೆ ಒಣಗಿದ ಮೇಲೆ ತಾನೇ ಸರಿಹೋಗುತ್ತದೆ. ತಾನೇ ಸರಿಹೋಯಿತು ಅಂತ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಅದೇ. ಕೇಬಲನ್ನು ಕೊಳವೆಯೊಳಗೆ ಹಾಕಿ, ಕೊಳವೆಯ ಬಾಯಿ ಮುಚ್ಚುವುದೊಂದೇ ಮದ್ದು.

ಮಳೆಗಾಲದ ಹಿಂದೆಯೇ ಹುಲ್ಲು, ಪಾರ್ಥೇನಿಯಂ ಏಳುತ್ತವೆ. ಕೆಳಗಿನ ಸೆಲ್‌ನ ಮೇಲೆ ಒಂದು ಗಿಡದ ನೆರಳು ಬಿದ್ದರೂ ಮೇಲೆ ಹೇಳಿದ ಸರಪಳಿಯ ಕತೆಯೇ. ಕಳೆನಾಶಕ ಹೊಡೆಯುವುದಕ್ಕಿಂತ ಕುರಿ ಬಿಟ್ಟು ಮೇಯಿಸುವುದು ಹಲವು ದೇಶಗಳಲ್ಲಿ ಪರೀಕ್ಷೆಯಾಗಿ ಗೆದ್ದ ದಾರಿ. ಕುರಿ ಕೇಬಲ್‌ಗೆ ಬಾಯಿ ಹಾಕುವುದು ಕಡಿಮೆ, ಪ್ಯಾನೆಲ್ ಮೇಲೆ ಹತ್ತುವುದಿಲ್ಲ. ಮೇಕೆ ಎರಡನ್ನೂ ಮಾಡುತ್ತದೆ. ಪಾವಗಡದಂಥ ಕುರಿ ಸೀಮೆಯಲ್ಲಿ, ಹುಲ್ಲುಗಾವಲು ಕಳೆದುಕೊಂಡ ಕುರಿಗಾಹಿಗಳನ್ನು ಬೇಲಿಯ ಹೊರಗೆ ನಿಲ್ಲಿಸಿ ಒಳಗೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಡೀಸೆಲ್ ಸುರಿಯುವುದಕ್ಕೆ ಅರ್ಥವಿಲ್ಲ.

ಇನ್ವರ್ಟರ್ ಕೋಣೆಯ ತೊಂದರೆ ಬಹುಪಾಲು ಗಾಳಿಯದ್ದೇ. ಫ್ಯಾನಿನ ಫಿಲ್ಟರ್‌ಗೆ ದೂಳು ಕಟ್ಟಿದರೆ ಒಳಗಿನ ಬಿಸಿ ಏರುತ್ತದೆ, ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ಉತ್ಪಾದನೆ ತಗ್ಗಿಸುತ್ತದೆ. ಸ್ಕ್ರೀನಿನಲ್ಲಿ ಯಾವ ಕೆಂಪು ದೀಪವೂ ಇಲ್ಲ, ಮಧ್ಯಾಹ್ನ ಮಾತ್ರ ನಾಲ್ಕೈದು ಪರ್ಸೆಂಟ್ ಕಾಣೆ. ನೆಲದಡಿಯ ಹೈಟೆನ್ಷನ್ ಕೇಬಲ್ ಜಾಯಿಂಟ್ ಸಿಡಿದರೆ ಕತೆ ಬೇರೆ: ದೋಷ ಎಲ್ಲಿದೆ ಅಂತ ಹುಡುಕಿ, ಕಲ್ಲು ನೆಲ ಅಗೆದು, ಹೊಸ ಜಾಯಿಂಟ್ ಹಾಕಿ, ಪರೀಕ್ಷೆ ಮಾಡುವ ಹೊತ್ತಿಗೆ ದಿನಗಳೇ ಕಳೆಯುತ್ತವೆ. ಅಷ್ಟೂ ದಿನದ ಬಿಸಿಲು ವ್ಯರ್ಥ.

ಪ್ಯಾನೆಲ್‌ಗಳು ವಯಸ್ಸಾಗಿ ಸೊರಗುವುದು ವರ್ಷಕ್ಕೆ ಶೇ 0.5ರಿಂದ 0.7. ಇಪ್ಪತ್ತೈದು ವರ್ಷಕ್ಕೆ ಶೇ 14ರ ಹತ್ತಿರ. ಇದು ಒಪ್ಪಂದದಲ್ಲೇ ಲೆಕ್ಕ ಹಿಡಿದ ನಷ್ಟ, ಅದಕ್ಕೆ ಗಾಬರಿ ಬೇಡ.

ತಿರುಮಣಿಯಿಂದ ಹೊರಗೆ

ಈ ಪಾರ್ಕಿನ ಅತ್ಯುತ್ತಮ ಭಾಗ ಕಣ್ಣಿಗೆ ಕಾಣುವ ಪ್ಯಾನೆಲ್ ಅಲ್ಲ, ಅದರ ಹಿಂದಿನ ಏರ್ಪಾಡು. 2015ರಲ್ಲಿ ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮ ಕ್ರೆಡಲ್ ಮತ್ತು ಕೇಂದ್ರದ ಸೌರಶಕ್ತಿ ನಿಗಮ ಸೆಕಿ ಸೇರಿ ಕಟ್ಟಿದ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಭೂಮಿ, ರಸ್ತೆ, ಸಬ್‌ಸ್ಟೇಷನ್ ಎಲ್ಲ ಸಿದ್ಧಮಾಡಿ ಕೊಟ್ಟಿತು. ಕಂಪನಿ ಬಂದು ಪ್ಯಾನೆಲ್ ಕೂರಿಸಿ ತಂತಿ ಜೋಡಿಸಿದರೆ ಸಾಕು. ಕೇಂದ್ರದ ಸೋಲಾರ್ ಪಾರ್ಕ್ ಯೋಜನೆಯಿಂದ ಮೆಗಾವ್ಯಾಟ್‌ಗೆ 20 ಲಕ್ಷ ರೂಪಾಯಿವರೆಗೆ ನೆರವೂ ಇತ್ತು. ಜಮೀನಿನ ಪಹಣಿ ಜಗಳ, ಲೈನ್ ಎಳೆಯುವ ಅನುಮತಿ ಇವುಗಳಲ್ಲಿ ಕಂಪನಿಗಳು ವರ್ಷಗಟ್ಟಲೆ ಸಿಕ್ಕಿಕೊಳ್ಳಲಿಲ್ಲ. ಫಲ ದರದಲ್ಲಿ ಕಾಣುತ್ತದೆ. 2016ರಲ್ಲಿ ಫಿನ್ಲೆಂಡಿನ ಫೋರ್ಟಮ್ ಇಲ್ಲಿನ 100 ಮೆಗಾವ್ಯಾಟ್‌ಗೆ ಒಪ್ಪಿದ ದರ ಯೂನಿಟ್‌ಗೆ 4.79 ರೂಪಾಯಿ. ಎರಡು ವರ್ಷ ಕಳೆಯುವುದರೊಳಗೆ ಅದೇ ಪಾರ್ಕಿನ ಟೆಂಡರ್ 3 ರೂಪಾಯಿಯ ಕೆಳಗೆ ಇಳಿಯಿತು. ಪ್ಯಾನೆಲ್ ಬೆಲೆ ಜಗತ್ತಿನಾದ್ಯಂತ ಬಿದ್ದದ್ದು ದೊಡ್ಡ ಕಾರಣ. ಆದರೆ ಸಿದ್ಧ ಜಾಗ, ಸಿದ್ಧ ಲೈನ್ ಇದ್ದದ್ದೂ ಸಣ್ಣ ಕಾರಣವೇನಲ್ಲ.

ಇನ್ವರ್ಟರ್‌ನಿಂದ ಹೊರಟ ಕರೆಂಟ್ 33 ಕೆವಿ, 66 ಕೆವಿ, 220 ಕೆವಿ ಅಂತ ಮೆಟ್ಟಿಲು ಹತ್ತಿ ಕೊನೆಗೆ ಕೇಂದ್ರದ ಪ್ರಸರಣ ಕಂಪನಿ ಪವರ್‌ಗ್ರಿಡ್‌ನ 400 ಕೆವಿ ಕೇಂದ್ರ ಸೇರುತ್ತದೆ. ಅಲ್ಲಿಂದ ಬಳ್ಳಾರಿ, ಹಿರಿಯೂರು, ತುಮಕೂರಿನ ವಸಂತನರಸಾಪುರ, ದೇವನಹಳ್ಳಿ ದಿಕ್ಕಿನ ಲೈನ್‌ಗಳು. ನಾಳೆ ಎಷ್ಟು ಕೊಡುತ್ತೇವೆ ಅನ್ನುವುದನ್ನು ದಿನವನ್ನು 15 ನಿಮಿಷದ 96 ತುಂಡು ಮಾಡಿ ಮುಂಚೆಯೇ ತಿಳಿಸಬೇಕು. ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ಅಂತರ ಮಿತಿ ಮೀರಿದರೆ ದಂಡ.

ಇಲ್ಲಿ ಪಾರ್ಕಿನ ಅಗಾಧ ಗಾತ್ರವೇ ಒಂದು ಗುಣ. ಒಂದು ಮೋಡದ ನೆರಳು 50 ಮೆಗಾವ್ಯಾಟ್ ಬ್ಲಾಕ್‌ನ ಮೇಲೆ ಬಂದರೆ ಒಂದೆರಡು ನಿಮಿಷದಲ್ಲಿ ಅದರ ಉತ್ಪಾದನೆ ಅರ್ಧಕ್ಕಿಂತ ಕೆಳಗೆ ಬೀಳಬಹುದು. ಆದರೆ ಆ ಮೋಡ ಬಳಸಮುದ್ರದ ಮೇಲಿರುವಾಗ ವಳ್ಳೂರಿನಲ್ಲಿ ಬಿಸಿಲಿರುತ್ತದೆ. ಐವತ್ತಕ್ಕೂ ಹೆಚ್ಚು ಚದರ ಕಿಲೋಮೀಟರ್‌ನ ಮೊತ್ತ ನೋಡಿದರೆ ಗ್ರಾಫ್ ಮೆಲ್ಲಗೆ ತೂಗುತ್ತದೆ, ಕುಸಿಯುವುದಿಲ್ಲ. ಇಡೀ ಆಕಾಶ ಮುಚ್ಚುವ ಚಂಡಮಾರುತದ ದಿನ ಮಾತ್ರ ಈ ರಕ್ಷೆ ಕೆಲಸಕ್ಕೆ ಬರುವುದಿಲ್ಲ.

ರಾಜ್ಯದ ಬೇಡಿಕೆ 2025ರ ಬೇಸಿಗೆಯಲ್ಲಿ 18,000 ಮೆಗಾವ್ಯಾಟ್ ದಾಟಿದ್ದು ಹಗಲು ಹೊತ್ತಿನಲ್ಲಿ. ಪಂಪ್‌ಸೆಟ್‌ಗಳಿಗೆ ಕೊಡುವ 7 ಗಂಟೆಯ ತ್ರೀಫೇಸ್ ಕರೆಂಟನ್ನು ಹಗಲಿಗೆ ತರಲು ಸಾಧ್ಯವಾದದ್ದರ ಹಿಂದೆ ಪಾವಗಡದಂಥ ಸ್ಥಾವರಗಳ ಪಾಲು ದೊಡ್ಡದು. ನಡುರಾತ್ರಿ ಟಾರ್ಚ್ ಹಿಡಿದು, ಹಾವಿಗೆ ಹೆದರುತ್ತ ಮೋಟಾರ್ ಆನ್ ಮಾಡಲು ತೋಟಕ್ಕೆ ಹೋಗುತ್ತಿದ್ದ ರೈತರಿಗೆ ಇದು ಪುಸ್ತಕದ ಲೆಕ್ಕವಲ್ಲ, ಜೀವದ ಲೆಕ್ಕ. ಹತ್ತಕ್ಕೆ ಒಂಬತ್ತು ಕೊಟ್ಟದ್ದು ಇದಕ್ಕೇ.

ಸಂಜೆ ಆರೂವರೆಗೆ ಚಿತ್ರ ತಿರುಗುತ್ತದೆ. ಮನೆಗಳಲ್ಲಿ ದೀಪ, ಟಿವಿ, ಗ್ರೈಂಡರ್ ಹಚ್ಚುವ ಹೊತ್ತಿಗೆ ಪಾವಗಡ ಕೊಡುವುದು ನಿಲ್ಲಿಸಿ, ತನ್ನ ಕಂಟ್ರೋಲ್ ರೂಮಿನ ದೀಪಕ್ಕೆ ಗ್ರಿಡ್‌ನಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. ಆ ಕೊರತೆಯನ್ನು ಶರಾವತಿಯ ನೀರು, ರಾಯಚೂರು-ಬಳ್ಳಾರಿಯ ಕಲ್ಲಿದ್ದಲು ಒಂದೆರಡು ಗಂಟೆಯಲ್ಲಿ ತುಂಬಬೇಕು. ದುಬಾರಿ 400 ಕೆವಿ ಲೈನ್‌ಗಳು, ಟ್ರಾನ್ಸ್‌ಫಾರ್ಮರ್‌ಗಳು ಬೆಳಗಿನವರೆಗೆ ಖಾಲಿ. ಇದಕ್ಕೆ ಬ್ಯಾಟರಿ ಬೇಕು, ಅದೂ ಇಲ್ಲೇ, ಇದೇ ಸಬ್‌ಸ್ಟೇಷನ್‌ಗಳ ಪಕ್ಕದಲ್ಲೇ. 500 ಮೆಗಾವ್ಯಾಟ್ ನಾಲ್ಕು ಗಂಟೆ ಕೊಡುವ ಬ್ಯಾಟರಿ ಅಂದರೆ 20 ಲಕ್ಷ ಯೂನಿಟ್. ತುಂಬುವಾಗ-ಬಿಡುವಾಗ ಶೇ 15 ಸೋರಿದರೂ ಹಗಲು 23.5 ಲಕ್ಷ ಯೂನಿಟ್ ಎತ್ತಿಟ್ಟರೆ ಸಾಕು, ದಿನದ ಉತ್ಪಾದನೆಯ ಐದರಲ್ಲೊಂದು ಭಾಗ. ಹೊಸ ಲೈನ್ ಎಳೆಯಬೇಕಿಲ್ಲ, ನೀರಿನ ಕರೆಂಟಿಗಾಗಿ ಪಶ್ಚಿಮ ಘಟ್ಟದಲ್ಲಿ ಹೊಸದಾಗಿ ಕಾಡು ಕಡಿಯಬೇಕಿಲ್ಲ.

ಎಕರೆಗೆ 21,000

ಪಾರ್ಕಿಗೆ ಭೂಮಿ ಕೊಂಡಿಲ್ಲ, ಗುತ್ತಿಗೆಗೆ ತೆಗೆದುಕೊಂಡಿದ್ದಾರೆ. ಮಾಲೀಕತ್ವ ರೈತರ ಹೆಸರಿನಲ್ಲೇ ಉಳಿದಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮೇಲಿಂದ ಮೇಲೆ ಬರ ಬಿದ್ದು ಬಿತ್ತಿದ ಬೀಜವೂ ಹುಟ್ಟದ ನೆಲಕ್ಕೆ, ಆ ಹೊತ್ತಿನಲ್ಲಿ, ಅದು ಒಳ್ಳೆಯ ಮಾತೇ. ಭೂಸ್ವಾಧೀನ ಮಾಡಿ ಒಂದು ಸಲ ದುಡ್ಡು ಕೊಟ್ಟು ಕಳಿಸುವುದಕ್ಕಿಂತ ನೂರು ಪಾಲು ಮೇಲು. ಬೇರೆ ರಾಜ್ಯಗಳು ಇದನ್ನು ನೋಡಿ ಕಲಿಯಬೇಕು.

ಆದರೂ ಲೆಕ್ಕ ಹಾಕಿ. ವರ್ಷಕ್ಕೆ 431 ಕೋಟಿ ಯೂನಿಟ್ ಅಂದರೆ ಎಕರೆಗೆ 3.3 ಲಕ್ಷ ಯೂನಿಟ್. 3 ರೂಪಾಯಿಯಂತೆ ಸುಮಾರು 10 ಲಕ್ಷ ರೂಪಾಯಿ. ಭೂಮಿಯವರಿಗೆ ಸಿಕ್ಕಿದ್ದು ರೂಪಾಯಿಗೆ ಎರಡು ಪೈಸೆ. ಎಕರೆಗೆ ಕೋಟಿಗೂ ಮೀರಿದ ಬಂಡವಾಳ ಹೂಡಿದ ಕಂಪನಿ ಸಾಲ ತೀರಿಸಬೇಕು, ನಿಜ. ಏರಿಕೆಯ ಲೆಕ್ಕ ಇನ್ನೂ ಮುಖ್ಯ. ಎರಡು ವರ್ಷಕ್ಕೆ ಶೇ 5 ಅಂದರೆ ವರ್ಷಕ್ಕೆ ಎರಡೂವರೆಗೂ ಕಡಿಮೆ. ರಿಸರ್ವ್ ಬ್ಯಾಂಕು ಇಟ್ಟುಕೊಂಡ ಹಣದುಬ್ಬರದ ಗುರಿಯೇ ಶೇ 4. ಬೆಲೆಗಳು ಅಷ್ಟರಲ್ಲೇ ನಿಂತವು ಅಂದುಕೊಂಡರೂ 24 ವರ್ಷದ ಹೊತ್ತಿಗೆ ಕೈಗೆ ಬರುವ 37,700 ರೂಪಾಯಿಯ ಕೊಳ್ಳುವ ಶಕ್ತಿ ಮೊದಲ ವರ್ಷದ 14,700ಕ್ಕೆ ಸಮ. ಬಾಡಿಗೆ ಏರುತ್ತಲೇ ಇಳಿಯುತ್ತದೆ.

ಹೊಲದಲ್ಲಿ ಕಳೆ ಕೀಳುತ್ತಿದ್ದವರಿಗೆ, ಕಡಲೆಕಾಯಿ ಬಿಡಿಸುತ್ತಿದ್ದ ಹೆಂಗಸರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ, ಯಾಕೆಂದರೆ ಪಹಣಿಯಲ್ಲಿ ಅವರ ಹೆಸರಿಲ್ಲ. ಕಟ್ಟುವ ವರ್ಷಗಳಲ್ಲಿ ಕೆಲಸವಿತ್ತು, ಕಟ್ಟಿ ಮುಗಿದ ಮೇಲೆ ಉಳಿದದ್ದು ಕಾವಲು, ಹುಲ್ಲು ಕತ್ತರಿಸುವುದು, ಗಾಜು ತೊಳೆಯುವುದು. 13,000 ಎಕರೆ ಬೇಸಾಯ ಕೊಡುತ್ತಿದ್ದ ದಿನಗೂಲಿಗೆ ಅದು ಸಾಟಿಯಲ್ಲ. ಪ್ರತಿ ಯೂನಿಟ್‌ಗೆ 2 ಪೈಸೆ ಎತ್ತಿಟ್ಟರೂ ವರ್ಷಕ್ಕೆ 8.6 ಕೋಟಿ ರೂಪಾಯಿ ಆಗುತ್ತದೆ. ಐದು ಊರಿನ ಭೂಮಿಯಿಲ್ಲದ ಮನೆಗಳಿಗೆ ಅದು ನೇರ ತಲುಪಬೇಕು.

ನಿಮ್ಮ ಊರಿಗೂ ಸೋಲಾರ್ ಗುತ್ತಿಗೆ ಕೇಳಿಕೊಂಡು ಯಾರಾದರೂ ಬಂದರೆ ಪಾವಗಡದ ಈ ಲೆಕ್ಕ ಕೈಯಲ್ಲಿರಲಿ. ಏರಿಕೆ ಪ್ರತಿ ವರ್ಷ ಕೇಳಿ, ಬೆಲೆ ಸೂಚ್ಯಂಕಕ್ಕೆ ಗಂಟು ಹಾಕಿದರೆ ಇನ್ನೂ ಒಳ್ಳೆಯದು. ಕಂಪನಿ ಕೈಬದಲಾದರೆ ಹೊಸ ಮಾಲೀಕರಿಗೂ ಕರಾರು ಅನ್ವಯ ಅಂತ ಬರೆಸಿ. ಬಾಡಿಗೆ ತಡವಾದರೆ ಬಡ್ಡಿ ಎಷ್ಟು, ಅವಧಿ ಮುಗಿದ ಮೇಲೆ ನೆಲದಲ್ಲಿ ಹೂತ ಕಾಂಕ್ರೀಟ್ ಯಾರು ಕೀಳಬೇಕು, ಅದಕ್ಕೆ ಠೇವಣಿ ಎಲ್ಲಿ, ಇದು ಕಾಗದದಲ್ಲಿರಬೇಕು. ಕೆರೆಗೆ ಹೋಗುವ ಹಳ್ಳವನ್ನು ನಕ್ಷೆಯಲ್ಲಿ ಗುರುತಿಸಿ, ಅದರ ಮೇಲೆ ಪ್ಯಾನೆಲ್ ಬೇಡ ಅನ್ನಿ. ಗಾಜಿನ ಸಾಲುಗಳಿಂದ ಸುರಿಯುವ ನೀರು ಒಂದೇ ಗೆರೆಯಲ್ಲಿ ಬಿದ್ದು ನೆಲ ಕೊರೆಯುತ್ತದೆ, ಹಳ್ಳ ಮುಚ್ಚಿದರೆ ಆ ಮಣ್ಣೆಲ್ಲ ಪಕ್ಕದ ಹೊಲಕ್ಕೆ.

ನೋಡಲು ಹೋಗುವವರಿಗೆ: ಮಧುಗಿರಿ ಮೇಲಿಂದ ಪಾವಗಡ, ಅಲ್ಲಿಂದ ತಿರುಮಣಿ. ಬೇಲಿಯೊಳಗೆ ಅನುಮತಿಯಿಲ್ಲದೆ ಬಿಡುವುದಿಲ್ಲ, ಆದರೆ ಊರುಗಳ ನಡುವಿನ ರಸ್ತೆಯಿಂದಲೇ ಬಹಳಷ್ಟು ಕಾಣುತ್ತದೆ. ಜನವರಿ-ಫೆಬ್ರುವರಿಯ ಬೆಳಗ್ಗೆ ಎಂಟರೊಳಗೆ ಹೋಗಿ, ಸೂರ್ಯ ಓರೆಯಾಗಿರುವಾಗ ಕೆಳ ಅಂಚಿನ ಮಣ್ಣಿನ ಪಟ್ಟಿ ಚೆನ್ನಾಗಿ ಎದ್ದು ಕಾಣುತ್ತದೆ. ಒಂದು ಬ್ಲಾಕ್‌ನಲ್ಲಿ ಪಟ್ಟಿ ಇದ್ದು ಪಕ್ಕದ್ದರಲ್ಲಿ ಇಲ್ಲದಿದ್ದರೆ, ಹುಲ್ಲು ಪ್ಯಾನೆಲ್ ಮಟ್ಟಕ್ಕೆ ಬಂದಿದ್ದರೆ, ಸಾಲಿನಲ್ಲಿ ಪ್ಯಾನೆಲ್ ಕೂರಿಸಿದ ಒಂದೆರಡು ಚೌಕಟ್ಟು ಉಳಿದವಕ್ಕಿಂತ ಬೇರೆ ಕೋನದಲ್ಲಿ ವಾಲಿದ್ದರೆ ಗಮನಿಸಿ. ಆ ದಿನ ಆ ಬ್ಲಾಕ್ ಹೇಳಿದಷ್ಟು ಯೂನಿಟ್ ಕೊಡುತ್ತಿಲ್ಲ.